ಕಾಕತಾಳೀಯದ ಮೀಮಾಂಸಕ: ಕಾರ್ಲ್ ಗುಸ್ತಾವ್ ಯೂಂಗ್

ಸಂಸ್ಕೃತ ವ್ಯಾಕರಣವನ್ನು ಅಭ್ಯಾಸ ಮಾಡಿದವರಿಗೆ ಕಾಕತಾಳೀಯವೆಂಬ ಪದವು ಚಿರಪರಿಚಿತವಾದುದು. ಕಾಗೆಯೊಂದು ಹಾರಿ ಬಂದು ತಾಳೆಯ ಮರವನ್ನು ಸೇರುವುದಕ್ಕೂ, ಪಕ್ವವಾದ ಹಣ್ಣು ತೊಟ್ಟು ಕಳಚಿ ಬೀಳುವುದಕ್ಕೂ ಸರಿಹೋಗುತ್ತದೆ. ಹಣ್ಣಿನ ಪೆಟ್ಟಿಗೆ ಕಾಗೆ ಸಾಯುತ್ತದೆ. ಪಾಣಿನಿಯ ಸೂತ್ರಗಳಿಗೆ ವೃತ್ತಿಯನ್ನು ರಚಿಸಿದ ಕಾಶಿಕಾಕಾರರು ಈ ಪದವನ್ನು ಬಿಡಿಸುವಾಗ, ದೇವದತ್ತನು ಒಂದು ಸ್ಥಳಕ್ಕೆ ಬರುವುದೂ ಅದೇ ಹೊತ್ತಿಗೆ ಕಳ್ಳರು ಅಲ್ಲಿಗೆ ಬಂದು ಅವನನ್ನು ಕೊಲ್ಲುವುದೂ ಹೀಗೆಯೇ ಎಂದು ಹೋಲಿಕೆಯನ್ನು ಕೊಡುತ್ತಾರೆ. ಕಾಗೆ ಬಂದುದಕ್ಕೆ ಅದರದೇ ಆದ ಕಾರಣವುಂಟು. ಹಣ್ಣು ಬಿದ್ದುದಕ್ಕೆ ಅದರದೇ ಆದ ಕಾರಣವುಂಟು. ಎರಡೂ ಒಂದೇ ಕ್ಷಣದಲ್ಲಿ ಕೂಡಿದುದಕ್ಕೆ ಮಾತ್ರ ಬೇರೆ ಕಾರಣವಿಲ್ಲ. ಆದರೆ ಆ ಕಾಗೆಯ ಪಾಲಿಗೆ ಅದು ಅಲ್ಪವಾದ ವಿಷಯವೇನೂ ಅಲ್ಲ. ನಾವು ಇಂದು ಕಾಕತಾಳೀಯವೆಂಬ ಮಾತನ್ನು, ಇದರಲ್ಲಿ ಏನೂ ಇಲ್ಲ ಎಂದು ತಳ್ಳಿಹಾಕುವುದಕ್ಕಾಗಿ ಬಳಸುತ್ತೇವೆ. ಆ ದೃಷ್ಟಾಂತವನ್ನು ಕಟ್ಟಿದ ಹಿರಿಯರು ಕಾಗೆಯ ಸಾವನ್ನು ಮರೆತಿರಲಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಪದ ನಮ್ಮ ಮನೆಮನೆಗಳಲ್ಲಿ ಇದೆ. ಅದು ಕಾಲ್ಗುಣ. ನನ್ನ ಬಾಲ್ಯದಲ್ಲಿ ನಮ್ಮ ಮನೆತನದ ಹಿರಿಯ ಸೊಸೆಯೊಬ್ಬರ ಬಗ್ಗೆ ಈ ಮಾತು ಕೇಳಿಬರುತ್ತಿತ್ತು. ಅವರು ಮದುವೆಯಾಗಿ ಬಂದು ಹೊಸ್ತಿಲು ತುಳಿದ ಎಂಟನೆಯ ದಿನವೇ ಮನೆಯ ಯಜಮಾನರು ತೀರಿಕೊಂಡರು. ಯಜಮಾನರು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೂ ಸೊಸೆಯ ಕಾಲ್ಗುಣ ಒಳ್ಳೆಯದಲ್ಲವೆಂಬ ಮಾತು ಹುಟ್ಟಿತು. ಹುಟ್ಟಿದ ಮಾತು ಸಾಯಲಿಲ್ಲ. ಆ ತಾಯಿ ಮುಂದೆ ನಲವತ್ತು ವರ್ಷ ಆ ಮನೆಗೆ ರೊಟ್ಟಿ ಬಡಿದರು, ಹತ್ತಾರು ಮಕ್ಕಳಿಗೆ ಎಣ್ಣೆ ನೀರು ಎರೆದರು. ಆದರೆ ಯಾವ ಮಂಗಳಕಾರ್ಯದಲ್ಲಿಯೂ ಮುಂದೆ ಬಂದು ನಿಲ್ಲಲಿಲ್ಲ. ಎರಡು ಘಟನೆಗಳು ಕೂಡಿ ಬಂದಾಗ ಅದರ ಅರ್ಥವನ್ನು ಹೇಗೆ ತಿಳಿಯಬೇಕೆಂಬ ಪ್ರಶ್ನೆ ಪಂಡಿತರ ಕಾಲಕ್ಷೇಪದ ಪ್ರಶ್ನೆಯಲ್ಲ. ಅದು ಒಬ್ಬರ ಬಾಳನ್ನು ಬೆಳಗಲೂಬಹುದು, ಕತ್ತಲೆಗೆ ನೂಕಲೂಬಹುದು.

ಈ ಪ್ರಶ್ನೆಯನ್ನು ಜೀವಮಾನವಿಡೀ ಹೊತ್ತು ನಡೆದ ಮನೋವೈದ್ಯರೊಬ್ಬರು ಯೂರೋಪಿನಲ್ಲಿ ಇದ್ದರು. ಅವರ ಗುಣವನ್ನೂ ದೋಷವನ್ನೂ ಮುಚ್ಚಿಡದೆ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

ಕಾರ್ಲ್ ಗುಸ್ತಾವ್ ಯೂಂಗರು ೧೮೭೫ನೆಯ ಇಸವಿ ಜುಲೈ ೨೬ರಂದು ಸ್ವಿಟ್ಜರ್ಲೆಂಡ್ ದೇಶದ ಕೆಸ್ವಿಲ್ ಎಂಬ ಸರೋವರತೀರದ ಹಳ್ಳಿಯಲ್ಲಿ ಜನಿಸಿದರು. ತಂದೆ ಪೌಲ್ ಯೂಂಗ್ ಅವರು ಪ್ರೊಟೆಸ್ಟೆಂಟ್ ಪಂಥದ ಪಾದ್ರಿಗಳು. ಪೂರ್ವದೇಶದ ಭಾಷೆಗಳಲ್ಲಿ ಪಾಂಡಿತ್ಯ ಪಡೆದಿದ್ದವರು. ತಾಯಿ ಎಮಿಲಿಯವರ ತವರಿನಲ್ಲಿ ಪ್ರೇತಗಳನ್ನು ಕಂಡೆವು, ಅವುಗಳೊಡನೆ ಮಾತಾಡಿದೆವು ಎನ್ನುವ ಹಿರಿಯರಿದ್ದರು. ತಂದೆಯಲ್ಲಿ ಶಾಸ್ತ್ರವಿತ್ತು, ಅನುಭವ ಬತ್ತಿತ್ತು. ತಾಯಿಯ ಕಡೆಯಲ್ಲಿ ಅನುಭವದ ಕಥೆಗಳಿದ್ದವು, ಪರೀಕ್ಷೆಯಿರಲಿಲ್ಲ. ಒಂಟಿಯಾಗಿ ಬೆಳೆದ ಬಾಲಕನಿಗೆ ಈ ಎರಡೂ ಸಾಲವೆನಿಸಿದವು. ಅನುಭವವನ್ನು ಬಿಡದೆ ಅದನ್ನು ಪರೀಕ್ಷಿಸಬೇಕೆಂಬ ಹಂಬಲ ಅವರಲ್ಲಿ ಬೇರೂರಿದುದು ಈ ಮನೆಯ ವಾತಾವರಣದಲ್ಲಿಯೇ.

೧೮೯೫ರಲ್ಲಿ ಯೂಂಗರು ಬಾಸೆಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ಸೇರಿದರು. ಮರುವರ್ಷವೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ ನೆಲೆಸಿತು. ೧೮೯೮ರ ಬೇಸಗೆಯಲ್ಲಿ ನಡೆದ ಎರಡು ಪ್ರಸಂಗಗಳನ್ನು ಅವರು ವೃದ್ಧಾಪ್ಯದವರೆಗೂ ನೆನೆಯುತ್ತಿದ್ದರು. ಒಂದು ದಿನ ಅವರು ಕೋಣೆಯಲ್ಲಿ ಓದುತ್ತಿದ್ದಾಗ, ಪಕ್ಕದ ಕೋಣೆಯಲ್ಲಿದ್ದ ಹಳೆಯ ಊಟದ ಮೇಜು ಸಿಡಿಲಿನಂತಹ ಸದ್ದಿನೊಡನೆ ಬಿರುಕು ಬಿಟ್ಟಿತು. ಸುಮಾರು ಎರಡು ವಾರಗಳ ಬಳಿಕ, ಬೀರುವಿನಲ್ಲಿದ್ದ ರೊಟ್ಟಿ ಕೊಯ್ಯುವ ಚಾಕು ಅಂತಹದೇ ಸದ್ದಿನೊಡನೆ ತುಂಡು ತುಂಡಾಯಿತು. ಚಾಕು ಮಾಡುವ ಕುಶಲಿಯೊಬ್ಬನಲ್ಲಿಗೆ ಒಯ್ದು ತೋರಿಸಿದಾಗ ಅವನು ಉಕ್ಕಿನಲ್ಲಿ ದೋಷವಿಲ್ಲವೆಂದನಂತೆ. ಯೂಂಗರು ಆ ತುಂಡುಗಳನ್ನು ಜೋಪಾನವಾಗಿ ಇಟ್ಟುಕೊಂಡರು. ಬೇರೆಯವರಾಗಿದ್ದರೆ ಶಾಂತಿ ಮಾಡಿಸುತ್ತಿದ್ದರು, ಇಲ್ಲವೆ ಎಸೆದು ಮರೆಯುತ್ತಿದ್ದರು. ತೀರ್ಪು ಕೊಡುವ ಆತುರವಿಲ್ಲದೆ ಸಾಕ್ಷ್ಯವನ್ನು ಎತ್ತಿಡುವ ಈ ಗುಣವೇ ಅವರ ಮುಂದಿನ ಬಾಳಿನ ಬೀಜವೆನ್ನಬಹುದು. ಅದೇ ಕಾಲದಲ್ಲಿ ಬಂಧುವರ್ಗದ ತರುಣಿಯೊಬ್ಬಳ ಮೈಮೇಲೆ ಪ್ರೇತಗಳು ಬಂದು ನುಡಿಯುತ್ತವೆಂಬ ಸಭೆಗಳಿಗೆ ಹೋಗಿ, ಕಂಡುದನ್ನು ಬರೆದಿಟ್ಟುಕೊಂಡರು. ೧೯೦೨ರಲ್ಲಿ ಪ್ರಕಟವಾದ ಅವರ ಡಾಕ್ಟರೇಟ್ ಪ್ರಬಂಧಕ್ಕೆ ಅದೇ ವಿಷಯವಾಯಿತು.

೧೯೦೦ರ ಡಿಸೆಂಬರಿನಲ್ಲಿ ಯೂಂಗರು ಜ್ಯೂರಿಚ್ ನಗರದ ಬುರ್ಗ್‌ಹೋಲ್ಟ್ಸ್‌ಲಿ ಮಾನಸಿಕ ಚಿಕಿತ್ಸಾಲಯದಲ್ಲಿ ಯೂಜೆನ್ ಬ್ಲಾಯ್ಲರ್ ಎಂಬ ಖ್ಯಾತ ವೈದ್ಯರ ಕೈಕೆಳಗೆ ಸಹಾಯಕರಾದರು. ಅಲ್ಲಿ ಅವರು ನಡೆಸಿದ ಪದಸಾಹಚರ್ಯ ಪರೀಕ್ಷೆ ಮನಶ್ಶಾಸ್ತ್ರದಲ್ಲಿ ಹೆಸರಾಯಿತು. ರೋಗಿಗೆ ಒಂದೊಂದೇ ಪದವನ್ನು ಹೇಳುವುದು. ಅದನ್ನು ಕೇಳಿದೊಡನೆ ಅವನಿಗೆ ಹೊಳೆದ ಪದವನ್ನು ಹೇಳಿಸುವುದು. ನಡುವೆ ಹೋದ ಕಾಲವನ್ನು ಗಡಿಯಾರ ಹಿಡಿದು ಗುರುತಿಸುವುದು. ಯಾವ ಪದಕ್ಕೆ ಉತ್ತರ ತಡವಾಗುತ್ತದೆಯೋ ಅಲ್ಲಿ ಮನಸ್ಸಿನ ಒಳಗಂಟು ಅಡಗಿರುತ್ತದೆಂಬುದು ಅವರ ಸಿದ್ಧಾಂತ. ಮುಂದೆ ಅತೀತವಾದ ವಿಷಯಗಳಲ್ಲಿ ಆಸಕ್ತಿ ವಹಿಸಿದರೆಂದು ಅವರನ್ನು ಹಳಿದವರು, ಅವರು ಮೊದಲು ಎಣಿಕೆಯಿಂದ, ಅಳತೆಯಿಂದ ಪ್ರಸಿದ್ಧಿಗೆ ಬಂದರೆಂಬುದನ್ನು ಮರೆಯಬಾರದು. ೧೯೦೩ರಲ್ಲಿ ಎಮ್ಮಾ ರೌಷೆನ್‌ಬಾಖ್ ಅವರನ್ನು ವಿವಾಹವಾದರು; ಐವರು ಮಕ್ಕಳಾದರು.

೧೯೦೭ರಲ್ಲಿ ವಿಯೆನ್ನಾ ನಗರದಲ್ಲಿ ಸಿಗ್ಮಂಡ್ ಫ್ರಾಯ್ಡರ ಪ್ರಥಮ ದರ್ಶನವಾಯಿತು. ಹದಿಮೂರು ಗಂಟೆಗಳ ಕಾಲ ಎಡೆಬಿಡದೆ ಅವರಿಬ್ಬರೂ ಮಾತಾಡಿದರೆಂದು ಯೂಂಗರು ನೆನೆದಿದ್ದಾರೆ. ಫ್ರಾಯ್ಡರು ಅವರನ್ನು ತಮ್ಮ ವಿದ್ಯೆಯ ಉತ್ತರಾಧಿಕಾರಿಯೆಂದೇ ಭಾವಿಸಿದರು. ಆದರೆ ೧೯೦೯ರ ವಸಂತಕಾಲದಲ್ಲಿ ಫ್ರಾಯ್ಡರ ಓದುವ ಕೋಣೆಯಲ್ಲಿಯೇ ಒಂದು ಪ್ರಸಂಗ ನಡೆಯಿತು. ಅತೀಂದ್ರಿಯ ವಿಷಯಗಳ ಬಗ್ಗೆ ವಾದ ನಡೆದು, ಫ್ರಾಯ್ಡರು ಅವೆಲ್ಲ ಅಸಂಬದ್ಧವೆಂದು ತಳ್ಳಿಹಾಕುತ್ತಿದ್ದಾಗ, ಪಕ್ಕದ ಪುಸ್ತಕದ ಕಪಾಟಿನಲ್ಲಿ ದೊಡ್ಡ ಸದ್ದಾಯಿತು. ಇದು ತಮ್ಮ ಅಂತರಂಗದ ತಳಮಳದ ಹೊರರೂಪವೆಂದೂ, ಇನ್ನೊಂದು ಸದ್ದು ಈಗಲೇ ಕೇಳಲಿದೆಯೆಂದೂ ಯೂಂಗರು ನುಡಿದರು. ನುಡಿದಂತೆ ಸದ್ದೂ ಆಯಿತು.

ಫ್ರಾಯ್ಡರು ಕೆಲದಿನಗಳ ಮೇಲೆ ಬರೆದ ಪತ್ರ ಮನನೀಯವಾದುದು. ಯೂಂಗರು ಹೊರಟುಹೋದ ಮೇಲೆಯೂ ಆ ಕೋಣೆಯ ಮರದ ಸಾಮಾನುಗಳು ಆಗಾಗ ಸದ್ದು ಮಾಡುತ್ತಲೇ ಇದ್ದುದನ್ನು ತಾವು ಗಮನಿಸಿದುದಾಗಿ ಅವರು ತಿಳಿಸಿದರು. ಅದರೊಡನೆ ತಮ್ಮದೇ ದೌರ್ಬಲ್ಯವೊಂದನ್ನು ಒಪ್ಪಿಕೊಂಡರು. ತಾವು ೬೧ ಅಥವಾ ೬೨ನೆಯ ವಯಸ್ಸಿನಲ್ಲಿ ಸಾಯುವೆವೆಂಬ ನಂಬಿಕೆ ತಮ್ಮಲ್ಲಿ ಹೊಕ್ಕಿತ್ತೆಂದೂ, ಆಮೇಲೆ ಟೆಲಿಫೋನಿನ ಸಂಖ್ಯೆಯಲ್ಲಿ, ಪ್ರವಾಸದಲ್ಲಿ, ಎಲ್ಲೆಲ್ಲಿಯೂ ಅವೇ ಅಂಕಿಗಳು ಕಾಣತೊಡಗಿದವೆಂದೂ, ವಸತಿಗೃಹದ ಕೋಣೆಯ ಸಂಖ್ಯೆ ೩೧ ಆಗಿದ್ದಾಗ ಅದು ೬೨ರ ಅರ್ಧವೆಂದು ಮನಸ್ಸು ಲೆಕ್ಕ ಹಾಕಿತೆಂದೂ ಬರೆದರು. ಮನಸ್ಸು ಯಾವುದನ್ನು ಹುಡುಕುತ್ತದೆಯೋ ಕಣ್ಣು ಅದನ್ನೇ ಹೆಕ್ಕುತ್ತದೆಂಬುದು ಅವರ ನಿರ್ಣಯ. ಫ್ರಾಯ್ಡರು ನಿಧನ ಹೊಂದಿದುದು ೧೯೩೯ರಲ್ಲಿ, ತಮ್ಮ ೮೩ನೆಯ ವಯಸ್ಸಿನಲ್ಲಿ. ಗುರುಸ್ಥಾನದಲ್ಲಿದ್ದವರಿಂದ ಬಂದ ಈ ಎಚ್ಚರಿಕೆಯನ್ನು ಯೂಂಗರು ಪೂರ್ಣವಾಗಿ ಒಪ್ಪಲಿಲ್ಲ. ಅನ್ಯ ತತ್ತ್ವಭೇದಗಳೂ ಬೆಳೆದು, ೧೯೧೩ರಲ್ಲಿ ಅವರ ಸ್ನೇಹವು ಮುರಿದುಬಿದ್ದಿತು.

ಆ ವರ್ಷದ ಅಕ್ಟೋಬರಿನಲ್ಲಿ ಯೂಂಗರು ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಒಂದು ಘೋರವಾದ ದೃಶ್ಯ ಅವರ ಮನಸ್ಸಿಗೆ ಬಂದಿತು. ಉತ್ತರ ಸಮುದ್ರದಿಂದ ಆಲ್ಪ್ಸ್ ಪರ್ವತದವರೆಗಿನ ದೇಶಗಳೆಲ್ಲ ಪ್ರಳಯಜಲದಲ್ಲಿ ಮುಳುಗಿದವು. ಆ ನೀರು ರಕ್ತವಾಯಿತು. ಎರಡು ವಾರಗಳ ಬಳಿಕ ಅದೇ ದೃಶ್ಯ ಮರುಕಳಿಸಿತು. ತಮಗೆ ಹುಚ್ಚು ಹಿಡಿಯುತ್ತಿದೆಯೆಂದೇ ಅವರು ಅಂಜಿದರು. ೧೯೧೪ರ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾದಾಗ, ತಮ್ಮ ಒಳಗಿನದಕ್ಕೂ ಹೊರಗಿನ ಜಗತ್ತಿನದಕ್ಕೂ ಏನೋ ಸಂಬಂಧವಿದೆಯೆಂಬ ಭಾವನೆ ಅವರಲ್ಲಿ ದೃಢವಾಯಿತು. ಯುದ್ಧದ ಭೀತಿ ಆ ದಿನಗಳ ಯೂರೋಪಿನಲ್ಲಿ ಸರ್ವತ್ರ ಹರಡಿತ್ತೆಂದು ಆಕ್ಷೇಪಿಸಬಹುದು. ಆ ಆಕ್ಷೇಪ ಯುಕ್ತವಾದುದೇ. ಇಲ್ಲಿ ಗಮನಿಸತಕ್ಕ ಅಂಶ ಬೇರೆ. ಅವರು ಪ್ರವಾದಿಯಂತೆ ಬೀದಿಗೆ ಇಳಿಯಲಿಲ್ಲ. ತಮ್ಮ ಮನಸ್ಸಿನ ಚಿತ್ರಗಳನ್ನು ವರ್ಷಗಟ್ಟಲೆ ಬರೆದು, ಬಣ್ಣ ಹಾಕಿ, ಕೆಂಪು ತೊಗಲಿನ ಹೊದಿಕೆಯ ಒಂದು ದೊಡ್ಡ ಗ್ರಂಥದಲ್ಲಿ ತುಂಬಿಟ್ಟರು. ಅದು ಲೋಕದ ಬೆಳಕು ಕಂಡುದು ಅವರು ಗತಿಸಿ ಎಷ್ಟೋ ಕಾಲದ ಮೇಲೆ, ೨೦೦೯ರಲ್ಲಿ.

ಕಾಕತಾಳೀಯಗಳನ್ನು ಕುರಿತು ಯೋಚಿಸಿದವರು ಯೂಂಗರೊಬ್ಬರೇ ಅಲ್ಲ. ಪೌಲ್ ಕಾಮ್ಮರರ್ ಎಂಬ ಆಸ್ಟ್ರಿಯಾ ದೇಶದ ಜೀವವಿಜ್ಞಾನಿ ಉದ್ಯಾನಗಳಲ್ಲಿ ಕುಳಿತು, ಹೋಗಿ ಬರುವವರಲ್ಲಿ ಕೊಡೆ ಹಿಡಿದವರೆಷ್ಟು, ಟೋಪಿ ಇಟ್ಟವರೆಷ್ಟು ಎಂದು ಎಣಿಸುತ್ತಿದ್ದರು. ಒಂದೇ ಬಗೆಯ ಸಂಗತಿಗಳು ಗುಂಪುಗುಂಪಾಗಿ ಬರುತ್ತವೆಂದು ೧೯೧೯ರಲ್ಲಿ ಗ್ರಂಥವನ್ನೇ ಬರೆದರು. ಆದರೆ ಎಣಿಸಿದಷ್ಟರಿಂದ ಅರ್ಥ ದೊರೆಯಲಿಲ್ಲ. ಯೂಂಗರಿಗೆ ಬೇಕಾದುದು ಅರ್ಥ. ಅದಕ್ಕೆ ದಾರಿ ತೋರಿದವರು ಚೀನಾ ದೇಶದಲ್ಲಿ ಬಹುಕಾಲ ನೆಲೆಸಿದ್ದ ರಿಚರ್ಡ್ ವಿಲ್ಹೆಲ್ಮ್ ಎಂಬ ಜರ್ಮನ್ ವಿದ್ವಾಂಸರು. ಪ್ರಾಚೀನ ಶಕುನಗ್ರಂಥವಾದ ಈ ಚಿಂಗ್ ಅನ್ನು ಅವರು ಜರ್ಮನ್ ಭಾಷೆಗೆ ತಂದಿದ್ದರು. ಇದರಿಂದ ಅದು ಹುಟ್ಟಿತು ಎಂದು ಕೇಳುವ ಬದಲು, ಈ ಕ್ಷಣದಲ್ಲಿ ಯಾವುದರೊಡನೆ ಯಾವುದು ಕೂಡಿ ಬಂದಿದೆ ಎಂದು ಕೇಳುವ ಚಿಂತನೆಯ ಬಗೆಯನ್ನು ಯೂಂಗರು ಅದರಲ್ಲಿ ಕಂಡರು. ೧೯೨೮ರಲ್ಲಿ ಅವರು ನಡುವೆ ಚಿನ್ನದ ಕೋಟೆಯುಳ್ಳ ಮಂಡಲವೊಂದನ್ನು ಚಿತ್ರಿಸಿ, ಇದೇಕೆ ಚೀನೀ ಛಾಯೆಯಿಂದಿದೆ ಎಂದು ಬೆರಗಾಗಿದ್ದರು; ಸ್ವಲ್ಪದರಲ್ಲಿಯೇ ವಿಲ್ಹೆಲ್ಮರಿಂದ ಚಿನ್ನದ ಹೂವನ್ನು ಕುರಿತ ಚೀನೀ ಗ್ರಂಥದ ಹಸ್ತಪ್ರತಿ ಅಂಚೆಯಲ್ಲಿ ಬಂದಿತು. ವಿಲ್ಹೆಲ್ಮರು ೧೯೩೦ರಲ್ಲಿ ನಿಧನರಾದಾಗ ಮಾಡಿದ ಸ್ಮರಣಭಾಷಣದಲ್ಲಿ ಯೂಂಗರು ಈ ಹೊಸ ತತ್ತ್ವವನ್ನು ಹೆಸರಿಸಿದರು. ಅದೇ ಸಿಂಕ್ರೊನಿಸಿಟಿ. ಕಾರ್ಯಕಾರಣ ಸಂಬಂಧವಿಲ್ಲದೆ, ಅರ್ಥದಿಂದ ಮಾತ್ರ ಕೂಡಿಕೊಂಡ ಘಟನಾಸಂಯೋಗವೆಂದು ಅದರ ತಾತ್ಪರ್ಯ.

ಇಲ್ಲಿ ಅವರ ಬಾಳಿನ ಕಳಂಕವನ್ನೂ ಹೇಳಬೇಕು. ೧೯೩೩ರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದ ಮೇಲೆ, ಯೂಂಗರು ಮನೋಚಿಕಿತ್ಸಕರ ಅಂತರರಾಷ್ಟ್ರೀಯ ಸಂಘವೊಂದರ ಅಧ್ಯಕ್ಷಸ್ಥಾನವನ್ನು ವಹಿಸಿಕೊಂಡರು. ಯಹೂದಿ ವೈದ್ಯರಿಗೆ ಸದಸ್ಯತ್ವ ಉಳಿಯುವಂತೆ ಮಾಡಲು ಅದು ಅಗತ್ಯವಾಗಿತ್ತೆಂಬುದು ಅವರ ಸಮಾಧಾನ. ಅಂತಹ ಏರ್ಪಾಡನ್ನು ಅವರು ಮಾಡಿದುದೂ ಉಂಟು. ಆದರೆ ಅದೇ ದಿನಗಳಲ್ಲಿ ಯಹೂದಿಯರ ಮನಸ್ಸು ಒಂದು ಬಗೆ, ಜರ್ಮನರ ಮನಸ್ಸು ಇನ್ನೊಂದು ಬಗೆ ಎಂದು ಬರೆದರು. ಕ್ರೂರಿಗಳು ಒಂದು ಜನಾಂಗವನ್ನು ಬೇಟೆಯಾಡುತ್ತಿದ್ದ ಹೊತ್ತಿನಲ್ಲಿ ಆ ಬರಹ ಅವರ ಕೀರ್ತಿಗೆ ಮಾಸದ ಮಸಿಯನ್ನು ಬಳಿಯಿತು. ತನ್ನ ಅಂತರಂಗದ ಅರ್ಥವನ್ನು ಓದಬಲ್ಲವನು ಅದೇ ಓದನ್ನು ಅನ್ಯರ ಹಣೆಯ ಮೇಲೆ ಬರೆಯಲು ಹೊರಟರೆ ಎಷ್ಟು ಎಡವುತ್ತಾನೆಂಬುದಕ್ಕೆ ಇದು ನಿದರ್ಶನ.

ನಮ್ಮ ನಾಡಿನೊಡನೆಯೂ ಯೂಂಗರಿಗೆ ಸಂಬಂಧವುಂಟು. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ರಜತೋತ್ಸವದ ಅಧಿವೇಶನ ೧೯೩೮ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ನಡೆದಾಗ, ಸರಕಾರದ ಆಹ್ವಾನದ ಮೇಲೆ ಅವರು ಭಾರತಕ್ಕೆ ಬಂದರು. ಕಲ್ಕತ್ತ, ಅಲಹಾಬಾದ್ ಮತ್ತು ಕಾಶಿಯ ವಿಶ್ವವಿದ್ಯಾನಿಲಯಗಳು ಅವರಿಗೆ ಗೌರವ ಡಾಕ್ಟರೇಟನ್ನು ನೀಡಿದವು. ಆಮಶಂಕೆಯಿಂದ ಕಲ್ಕತ್ತೆಯ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಬೇಕಾಯಿತು. ಸಾಂಚಿಯ ಸ್ತೂಪದೆದುರು ಅವರ ಮನಸ್ಸು ಕರಗಿತು. ಮೈಸೂರಿನಲ್ಲಿ ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಅತಿಥಿಯಾಗಿ ಕೆಲಕಾಲ ಇದ್ದು, ಅವರೊಡನೆ ಸುದೀರ್ಘವಾಗಿ ಸಂವಾದ ನಡೆಸಿದರು. ಆದರೆ ಪ್ರಸಿದ್ಧರಾದ ಸಾಧುಸಂತರನ್ನು ಅರಸಿಕೊಂಡು ಹೋಗಲಿಲ್ಲ. ಬೇರೊಬ್ಬರು ಕಂಡ ಸತ್ಯವನ್ನು ಎರವಲು ತರುವುದು ಕಳವಾಗುತ್ತದೆ, ತಮ್ಮ ಸತ್ಯವನ್ನು ತಾವೇ ಕಾಣಬೇಕು ಎಂಬುದು ಅವರ ಭಾವನೆಯಾಗಿತ್ತು.

ಯೂಂಗರ ವಿಚಾರಕ್ಕೆ ಭೌತವಿಜ್ಞಾನದ ಕಡೆಯಿಂದ ಜೊತೆಯಾದವರು ವುಲ್ಫ್‌ಗಾಂಗ್ ಪೌಲಿ. ೧೯೪೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈ ಮೇಧಾವಿ, ತಾಯಿಯ ಆತ್ಮಹತ್ಯೆ ಮತ್ತು ಮುರಿದ ದಾಂಪತ್ಯಗಳಿಂದ ಜರ್ಝರಿತರಾಗಿ ೧೯೩೨ರಲ್ಲಿ ಯೂಂಗರ ಬಳಿಗೆ ಬಂದರು. ತಮ್ಮ ಸಿದ್ಧಾಂತಗಳ ನೆರಳು ಅವರ ಕನಸುಗಳ ಮೇಲೆ ಬೀಳಬಾರದೆಂದು, ಯೂಂಗರು ಮೊದಲು ಅವರನ್ನು ತಮ್ಮ ಶಿಷ್ಯೆಯೊಬ್ಬರ ಬಳಿಗೆ ಕಳಿಸಿದರು. ಅಂದು ಆರಂಭವಾದ ಪತ್ರವ್ಯವಹಾರ ಕಾಲುಶತಮಾನ ನಡೆಯಿತು. ಪೌಲಿಯವರು ಕಾಲಿಟ್ಟ ಪ್ರಯೋಗಶಾಲೆಯಲ್ಲಿ ಉಪಕರಣಗಳು ಕೆಡುತ್ತವೆಂಬ ವಿನೋದ ಭೌತವಿಜ್ಞಾನಿಗಳಲ್ಲಿ ಹಬ್ಬಿತ್ತು. ಆಟೋ ಸ್ಟರ್ನ್ ಎಂಬ ವಿಜ್ಞಾನಿ ಅವರನ್ನು ತಮ್ಮ ಪ್ರಯೋಗಶಾಲೆಯೊಳಕ್ಕೆ ಬಿಡುತ್ತಲೇ ಇರಲಿಲ್ಲವಂತೆ. ಇದೂ ಕಾಲ್ಗುಣವೇ ಸರಿ! ಆದರೆ ಅಲ್ಲಿ ಅದು ಮಿತ್ರರ ನಗೆಯಾಗಿತ್ತು. ಪೌಲಿಯವರು ತಾವೂ ನಕ್ಕರು. ಒಂದೇ ಮಾತು ಸಮಾನರ ನಡುವೆ ವಿನೋದವಾಗುತ್ತದೆ, ಅಬಲೆಯ ಮೇಲೆ ಬಿದ್ದರೆ ಶಾಪವಾಗುತ್ತದೆ. ಪರಮಾಣುವಿಜ್ಞಾನದಲ್ಲಿ ೧೩೭ ಎಂಬ ಸಂಖ್ಯೆಯ ರಹಸ್ಯ ಪೌಲಿಯವರನ್ನು ಬಹುವಾಗಿ ಕಾಡಿತ್ತು. ೧೯೫೮ರ ಡಿಸೆಂಬರಿನಲ್ಲಿ ಅವರು ಕೊನೆಯುಸಿರೆಳೆದುದು ಜ್ಯೂರಿಚಿನ ಆಸ್ಪತ್ರೆಯ ೧೩೭ನೆಯ ಕೋಣೆಯಲ್ಲಿ.

೧೯೪೪ರಲ್ಲಿ ಯೂಂಗರು ಹೃದಯಾಘಾತಕ್ಕೆ ಒಳಗಾಗಿ ಮರಣದ ಬಾಗಿಲವರೆಗೆ ಹೋಗಿ ಬಂದರು. ಆಗ ಕಂಡ ದರ್ಶನದಲ್ಲಿ ಭೂಗೋಳವು ಬಹುದೂರ ಕೆಳಗಿತ್ತು. ಸಿಂಹಳ ಕಾಲಡಿಯಲ್ಲಿ, ಭಾರತ ಎದುರಿನಲ್ಲಿ ಹರಡಿತ್ತು. ಕಲ್ಲಿನಲ್ಲಿ ಕೊರೆದ ಗುಡಿಯ ಮುಂದೆ ಪದ್ಮಾಸನದಲ್ಲಿ ಹಿಂದೂ ಯೋಗಿಯೊಬ್ಬನು ಮೌನವಾಗಿ ಕುಳಿತಿದ್ದನು. ತಮ್ಮನ್ನು ಮರಳಿ ಕರೆಯಲು ಬಂದ ವೈದ್ಯರ ರೂಪವನ್ನೂ ಅವರು ಅಲ್ಲಿ ಕಂಡರು. ಆ ವೈದ್ಯರಿಗೇ ಕೇಡಾದೀತೆಂದು ಕಳವಳಗೊಂಡರು. ಏಪ್ರಿಲ್ ೪ರಂದು ಯೂಂಗರು ಹಾಸಿಗೆಯಿಂದ ಎದ್ದು ಕುಳಿತ ದಿನವೇ ಆ ವೈದ್ಯರು ಹಾಸಿಗೆ ಹಿಡಿದರು. ರಕ್ತ ನಂಜಾಗಿ ಕೆಲಕಾಲದಲ್ಲಿಯೇ ತೀರಿಕೊಂಡರು. ಇದು ಯೂಂಗರೇ ಹೇಳಿದ ವೃತ್ತಾಂತ. ಇದನ್ನು ನಂಬಬೇಕೋ ಬೇಡವೋ ಎಂಬುದನ್ನು ಓದುಗರ ವಿವೇಚನೆಗೆ ಬಿಡುತ್ತೇನೆ.

ಅವರ ಪ್ರಸಿದ್ಧವಾದ ಉದಾಹರಣೆಯಾದರೋ ಜೀರುಂಡೆಯದು. ವಿದ್ಯಾವತಿಯಾದ ತರುಣಿಯೊಬ್ಬಳಿಗೆ ಅವರು ಚಿಕಿತ್ಸೆ ನಡೆಸುತ್ತಿದ್ದರು. ಎಲ್ಲವನ್ನೂ ತರ್ಕದಿಂದಲೇ ಅಳೆಯುವ ಅವಳ ಮನಸ್ಸು ಕಲ್ಲಾಗಿತ್ತು. ಒಂದು ದಿನ ಅವಳು, ಯಾರೋ ತನಗೆ ಬಂಗಾರದ ಜೀರುಂಡೆಯ ಆಭರಣವನ್ನು ಕೊಟ್ಟಂತೆ ಕಂಡ ಕನಸನ್ನು ಹೇಳುತ್ತಿದ್ದಳು. ಅಷ್ಟರಲ್ಲಿ ಕಿಟಕಿಯ ಗಾಜನ್ನು ಹೊರಗಿನಿಂದ ಏನೋ ತಟ್ಟಿತು. ಯೂಂಗರು ಕಿಟಕಿಯನ್ನು ತೆರೆದು, ಒಳಕ್ಕೆ ಹಾರಿಬಂದ ಹುಳುವನ್ನು ಹಿಡಿದರು. ಅದು ಹೊನ್ನಿನ ಹೊಳಪಿನ ಜೀರುಂಡೆ. ಅದನ್ನು ಅವಳ ಕೈಗಿತ್ತು, ಅವಳ ಜೀರುಂಡೆ ಇಲ್ಲಿದೆಯೆಂದರು. ಅವಳ ಬಿಗುಮಾನ ಅಂದು ಸಡಿಲಿತು, ಚಿಕಿತ್ಸೆ ಮುಂದುವರಿಯಿತು. ಕನಸು ಹುಳುವನ್ನು ಕರೆಯಲಿಲ್ಲ. ಬೆಳಕಿನಿಂದ ಕತ್ತಲ ಕೋಣೆಗೆ ನುಗ್ಗುವುದು ಆ ಹುಳುವಿನ ಜಾತಿಗುಣವಲ್ಲವೆಂದು ಯೂಂಗರು ಅಚ್ಚರಿಪಟ್ಟುದಷ್ಟೇ. ಆದರೆ ಒಬ್ಬ ಸಮಯಜ್ಞ ವೈದ್ಯನ ಕೈಯಲ್ಲಿ ಆ ಸಂಯೋಗ ಔಷಧವಾಯಿತು.

ಇದಕ್ಕೆ ಪ್ರತಿಯಾಗಿ ೧೯೪೯ರ ಏಪ್ರಿಲ್ ೧ರ ಪ್ರಸಂಗವನ್ನು ನೋಡಬೇಕು. ಆಗ ಯೂಂಗರು ಮತ್ಸ್ಯಸಂಕೇತದ ಇತಿಹಾಸವನ್ನು ಅಧ್ಯಯನ ಮಾಡುತ್ತಿದ್ದರು. ಆ ದಿನ ಬೆಳಗ್ಗೆ ಅರ್ಧ ಮನುಷ್ಯ ಅರ್ಧ ಮೀನಾದ ಆಕೃತಿಯ ಶಾಸನವೊಂದನ್ನು ಟಿಪ್ಪಣಿ ಮಾಡಿಕೊಂಡರು. ಮಧ್ಯಾಹ್ನದ ಊಟಕ್ಕೆ ಮೀನು. ಮಾತಿನ ನಡುವೆ ಒಬ್ಬರು ಏಪ್ರಿಲ್ ಮೀನಿನ ವಿನೋದವನ್ನು ಎತ್ತಿದರು. ಅಪರಾಹ್ನ ಹಳೆಯ ರೋಗಿಯೊಬ್ಬರು ಮೀನಿನ ಚಿತ್ರಗಳನ್ನು ತಂದು ತೋರಿಸಿದರು. ಸಂಜೆ ಮೀನಿನಾಕಾರದ ಕಸೂತಿ ಬಂದಿತು. ಮರುದಿನ ಬೆಳಗ್ಗೆ ಇನ್ನೊಬ್ಬ ರೋಗಿ ಮೀನಿನ ಕನಸನ್ನು ಹೇಳಿದರು. ಇಷ್ಟಾದರೂ, ಇದನ್ನು ಆಕಸ್ಮಿಕಗಳ ಗುಂಪೆಂದೇ ಎಣಿಸಬೇಕು, ಬೇರೆ ನಿರ್ಣಯಕ್ಕೆ ಆಧಾರವಿಲ್ಲವೆಂದು ಅವರೇ ಬರೆದರು. ತಮಗೆ ಅಚ್ಚರಿಯಾಯಿತೆಂಬುದನ್ನೂ ಅಡಗಿಸಲಿಲ್ಲ. ಅಚ್ಚರಿಯನ್ನು ಪ್ರಮಾಣವೆಂದೂ ಸಾರಲಿಲ್ಲ.

೧೯೫೧ರಲ್ಲಿ ಈ ವಿಷಯವಾಗಿ ಉಪನ್ಯಾಸ ಮಾಡಿ, ೧೯೫೨ರಲ್ಲಿ ಅವರು ಪೂರ್ಣ ಪ್ರಬಂಧವನ್ನು ಪ್ರಕಟಿಸಿದರು. ಅದೇ ಸಂಪುಟದಲ್ಲಿ ಕೆಪ್ಲರನನ್ನು ಕುರಿತ ಪೌಲಿಯವರ ಪ್ರಬಂಧವೂ ಇದೆ. ಇದಕ್ಕಾಗಿ ಯೂಂಗರು ವಿವಾಹಿತ ದಂಪತಿಗಳ ಜಾತಕಗಳನ್ನು ಕಲೆಹಾಕಿ ಎಣಿಸಿದರು. ಮೊದಲನೆಯ ತಂಡ ೧೮೦ ದಂಪತಿಗಳದು. ಸ್ತ್ರೀಯ ಚಂದ್ರನೂ ಪುರುಷನ ಸೂರ್ಯನೂ ಕೂಡುವ ಯೋಗ ಅದರಲ್ಲಿ ಹೆಚ್ಚಾಗಿ ಕಂಡಿತು. ಪಾಶ್ಚಾತ್ಯ ಜ್ಯೋತಿಷಿಗಳು ವಿವಾಹಕ್ಕೆ ಹೇಳುವ ಯೋಗವೇ ಅದು. ಅಲ್ಲಿಗೇ ನಿಲ್ಲಿಸಿದ್ದರೆ ಜಯಭೇರಿ ಹೊಡೆಯಬಹುದಾಗಿತ್ತು. ಅವರು ನಿಲ್ಲಿಸಲಿಲ್ಲ. ೨೨೦ ದಂಪತಿಗಳ ಎರಡನೆಯ ತಂಡದಲ್ಲಿ ಬೇರೊಂದು ಯೋಗವೂ, ೮೩ ದಂಪತಿಗಳ ಮೂರನೆಯ ತಂಡದಲ್ಲಿ ಮತ್ತೊಂದೂ ಮುಂದೆ ಬಂದವು. ೪೮೩ನ್ನೂ ಒಟ್ಟುಗೂಡಿಸಿದಾಗ ವಿಶೇಷವೇನೂ ಉಳಿಯಲಿಲ್ಲ. ಜ್ಯೋತಿಷವು ಇದರಿಂದ ಸಿದ್ಧವಾಗದೆಂದು ಅವರು ಸ್ಪಷ್ಟವಾಗಿ ಬರೆದು, ಅಂಕಿಗಳನ್ನೆಲ್ಲ ಓದುಗರ ಮುಂದಿಟ್ಟರು. ಮೂರು ತಂಡಗಳಲ್ಲಿಯೂ ಒಂದಲ್ಲ ಒಂದು ವಿವಾಹಯೋಗವೇ ಮುಂದೆ ಬಂದುದು ಸಂಶೋಧಕನ ಉತ್ಸಾಹಕ್ಕೆ ಒಲಿದ ಸಂಯೋಗವೆಂದು ಆಮೇಲೆ ಅವರು ವಾದಿಸಿದರು. ಈ ವಾದ ವಿಜ್ಞಾನಿಗಳಿಗೆ ಒಪ್ಪಿಗೆಯಾಗಲಿಲ್ಲ, ನನಗೂ ಆಗದು. ಹೂಡಿದ ಬಾಣ ಗುರಿ ತಪ್ಪಿದ ಮೇಲೆ ಬಿದ್ದ ಕಡೆಯೇ ಗುರಿಯೆಂದಂತಾಗುತ್ತದೆ. ಆದರೆ ತನ್ನ ಪಕ್ಷಕ್ಕೆ ಪ್ರತಿಕೂಲವಾದ ಲೆಕ್ಕವನ್ನು ತಾನೇ ಮುದ್ರಿಸುವ ಪ್ರಾಮಾಣಿಕತೆ ಎಲ್ಲರಲ್ಲಿಯೂ ಇರುವುದಲ್ಲ.

ಯೂಂಗರ ಅನಂತರ ಗಣಿತಜ್ಞರು ಈ ವಿಷಯವನ್ನು ಇನ್ನಷ್ಟು ತಿಳಿಗೊಳಿಸಿದ್ದಾರೆ. ಒಂದು ಕೋಣೆಯಲ್ಲಿ ೨೩ ಜನರಿದ್ದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಮಿಗಿಲು. ೨೩ ಜನರಲ್ಲಿ ೨೫೩ ಜೋಡಿಗಳಾಗುತ್ತವೆಂಬುದನ್ನು ನಾವು ಎಣಿಸುವುದಿಲ್ಲ; ಆದುದರಿಂದ ಬೆರಗಾಗುತ್ತೇವೆ. ೫೦ ಮಕ್ಕಳ ತರಗತಿಯಲ್ಲಿ ಆ ಸಂಭವ ನೂರಕ್ಕೆ ೯೭ರಷ್ಟು. ಅಧ್ಯಾಪಕ ಬಂಧುಗಳು ಹಾಜರಿ ಪುಸ್ತಕವನ್ನು ತೆರೆದು ಪರೀಕ್ಷಿಸಬಹುದು. ೧೯೮೯ರಲ್ಲಿ ಪರ್ಸಿ ಡಯಾಕೋನಿಸ್ ಮತ್ತು ಫ್ರೆಡರಿಕ್ ಮೋಸ್ಟೆಲರ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು, ಕಾಕತಾಳೀಯಗಳು ನಾಲ್ಕು ಮೂಲಗಳಿಂದ ಹುಟ್ಟುತ್ತವೆಂದು ವಿಂಗಡಿಸಿದರು. ಕಣ್ಣಿಗೆ ಬೀಳದ ಕಾರಣವೊಂದು ಅಡಗಿರಬಹುದು; ನಮ್ಮ ನೆನಪು ಬೇಕಾದುದನ್ನು ಹಿಡಿದು ಬೇಡವಾದುದನ್ನು ಬಿಡಬಹುದು; ಸುಮಾರಾಗಿ ಹೊಂದಿದುದನ್ನೂ ಪೂರ್ತಿ ಹೊಂದಿತೆಂದು ನಾವು ಲೆಕ್ಕಕ್ಕೆ ಹಿಡಿಯಬಹುದು; ಕೊನೆಯದಾಗಿ, ಘಟನೆಗಳ ರಾಶಿ ಸಾಕಷ್ಟು ದೊಡ್ಡದಾದರೆ ಎಂತಹ ಅಪೂರ್ವವೂ ನಡೆದೇ ತೀರುತ್ತದೆ. ಫ್ರಾಯ್ಡರ ಪತ್ರದಲ್ಲಿದ್ದ ಎಚ್ಚರಿಕೆ ಇಲ್ಲಿ ಶಾಸ್ತ್ರರೂಪವನ್ನು ತಾಳಿದೆ.

ಹಾಗಾದರೆ ಯೂಂಗರ ಶ್ರಮ ವ್ಯರ್ಥವಾಯಿತೆ? ಹಾಗೆಂದು ನಾನು ಭಾವಿಸುವುದಿಲ್ಲ. ನಮ್ಮ ಶಾಸ್ತ್ರಗಳಲ್ಲಿ ಘುಣಾಕ್ಷರನ್ಯಾಯವೆಂಬ ಮತ್ತೊಂದು ದೃಷ್ಟಾಂತವಿದೆ. ಹುಳು ಮರವನ್ನು ಕೊರೆಯುತ್ತಾ ಹೋದಂತೆ ಅಲ್ಲಿ ಅಕ್ಷರದ ಆಕಾರವೊಂದು ಮೂಡುತ್ತದೆ. ಹುಳುವಿಗೆ ಅಕ್ಷರ ತಿಳಿಯದು; ಅದು ಬರೆಯಲೂ ಇಲ್ಲ. ಆದರೆ ಅಕ್ಷರವನ್ನು ಬಲ್ಲವನು ಅಲ್ಲಿ ಅಕ್ಷರವನ್ನು ಓದುತ್ತಾನೆ. ಕಾರಣ ಹುಳುವಿನದು, ಅರ್ಥ ಓದುವವನದು. ಕಾರಣವಿಲ್ಲವೆಂದ ಮಾತ್ರಕ್ಕೆ ಅರ್ಥವಿಲ್ಲವೆಂದಾಗದು; ಅರ್ಥ ದೊರೆಯಿತೆಂದ ಮಾತ್ರಕ್ಕೆ ಕಾರಣ ಸಿದ್ಧವಾಯಿತೆಂದೂ ಆಗದು. ಮೊದಲನೆಯ ಮಾತನ್ನು ಯೂಂಗರು ಲೋಕಕ್ಕೆ ಕಲಿಸಿದರು. ಎರಡನೆಯದನ್ನು ಅವರು ಒಮ್ಮೆ ಪಾಲಿಸಿದರು, ಒಮ್ಮೆ ಮರೆತರು.

೧೯೬೧ನೆಯ ಇಸವಿ ಜೂನ್೬ರಂದು ಜ್ಯೂರಿಚ್ ಸರೋವರದ ದಂಡೆಯ ಕ್ಯೂಸ್ನಾಖ್ಟ್ ಎಂಬ ಊರಿನ ತಮ್ಮ ಮನೆಯಲ್ಲಿ, ೮೫ ವರ್ಷಗಳ ತುಂಬು ಬಾಳನ್ನು ಬಾಳಿ ಯೂಂಗರು ದೇಹವನ್ನು ಬಿಟ್ಟರು. ಅವರು ತೀರಿಕೊಂಡ ಸ್ವಲ್ಪ ಹೊತ್ತಿನಲ್ಲಿಯೇ ಬಿರುಗಾಳಿ ಎದ್ದು, ಅವರು ಕುಳಿತುಕೊಳ್ಳುತ್ತಿದ್ದ ತೋಟದ ಮರಕ್ಕೆ ಸಿಡಿಲು ಬಡಿಯಿತೆಂದು ಆಪ್ತವರ್ಗದವರು ಹೇಳುತ್ತಾರೆ. ಬೇಸಗೆಯಲ್ಲಿ ಗುಡುಗು ಸಿಡಿಲು ಆ ನಾಡಿಗೆ ಹೊಸದಲ್ಲ. ಶಿಷ್ಯರಿಗೆ ಅದು ತಮ್ಮ ಶೋಕಕ್ಕೆ ಆಕಾಶವೇ ದನಿಗೂಡಿಸಿದಂತೆ ಆದುದೂ ಸಹಜವೇ. ಅದರಿಂದ ಯಾರಿಗೂ ನೋವಾಗಲಿಲ್ಲ, ಯಾರ ಮೇಲೆಯೂ ದೂರು ಬರಲಿಲ್ಲ.

ಈಗ ಮೊದಲು ಹೇಳಿದ ತಾಯಿಯ ವಿಷಯಕ್ಕೆ ಬರುತ್ತೇನೆ. ಅವರು ಗತಿಸಿ ಬಹುಕಾಲವಾದ ಮೇಲೆ ನಮ್ಮ ಮನೆತನದ ವೃದ್ಧರೊಬ್ಬರು ಮಾತಿನ ನಡುವೆ ಒಂದು ಸಂಗತಿಯನ್ನು ಹೇಳಿದರು. ಆ ಮದುವೆ ಮುಂದಿನ ವರ್ಷ ನಡೆಯಬೇಕಾಗಿತ್ತಂತೆ. ಯಜಮಾನರು ಇನ್ನು ಹೆಚ್ಚು ದಿನ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದುದರಿಂದ, ಕಣ್ಣು ಮುಚ್ಚುವ ಮೊದಲು ಮಗನ ಅಕ್ಷತೆಯನ್ನು ನೋಡಬೇಕೆಂಬ ಅವರ ಆಸೆಯನ್ನು ಸಲ್ಲಿಸಲು ಅವಸರವಾಗಿ ಮುಹೂರ್ತವಿಟ್ಟರಂತೆ. ಎಂದರೆ ಸೊಸೆ ಬಂದುದರಿಂದ ಯಜಮಾನರು ಸಾಯಲಿಲ್ಲ. ಯಜಮಾನರು ಸಾಯುವವರಿದ್ದುದರಿಂದಲೇ ಸೊಸೆ ಅಂದು ಬಂದರು. ಅದು ಕಾಕತಾಳೀಯವೂ ಆಗಿರಲಿಲ್ಲ. ಕಾರಣ ಎಲ್ಲರ ಕಣ್ಣೆದುರಿನಲ್ಲಿತ್ತು, ಕೇಳಿದವರಿರಲಿಲ್ಲ. ಸಾಯುವ ಮಾವನ ಕೊನೆಯ ಆಸೆಯನ್ನು ಸಲ್ಲಿಸಿ ಬಂದ ಹೆಣ್ಣುಮಗಳೆಂದು ಪೂಜ್ಯಳಾಗಬೇಕಾಗಿದ್ದವಳು ನಲವತ್ತು ವರ್ಷ ಹಿತ್ತಲ ಬಾಗಿಲಲ್ಲಿ ನಿಂತಳು. ಆ ಮಾತನ್ನು ನಂಬಿ ಮಂಗಳಕಾರ್ಯದ ದಿನ ಅವಳನ್ನು ದಾಟಿ ಹೋದ ಹುಡುಗರಲ್ಲಿ ನಾನೂ ಒಬ್ಬನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಕಾಕತಾಳೀಯವು ನಮ್ಮೆಲ್ಲರ ಬಾಳಿನಲ್ಲಿಯೂ ಬರುತ್ತದೆ. ಬಂದಾಗ ಮೊದಲು ಎಣಿಸೋಣ, ಅಡಗಿದ ಕಾರಣವನ್ನು ಹುಡುಕೋಣ. ಅದಾದ ಮೇಲೆಯೂ ಅರ್ಥವೊಂದು ಉಳಿದರೆ, ಅದನ್ನು ನಮ್ಮ ಅಂತರಂಗವನ್ನು ತಿದ್ದಿಕೊಳ್ಳಲು ಬಳಸೋಣ. ಇನ್ನೊಬ್ಬರ ಮೇಲೆ ಹೊರಿಸುವುದಕ್ಕೆ ಅಲ್ಲ. ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳಿಗೆ ಇಷ್ಟನ್ನು ಕಲಿಸಿದರೆ, ನಾಳೆ ಅವರ ಮನೆಯ ಹೊಸ್ತಿಲನ್ನು ತುಳಿಯುವವರು ನಿರ್ಭಯವಾಗಿ ಒಳಗೆ ಬಂದಾರು.